ಮಂಜು ಕಟ್ಟುವ ಮಾಸ್ಕ್

ಹೆಂಗಸರ ಕೂದಲು ಕತ್ತರಿಸುವ ಆ ಪುಟ್ಟ ಪಾರ್ಲರಿನ ಒಡತಿಯನ್ನು ಬೀದಿಯವರೆಲ್ಲ ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಅವಳ ಗಂಡನ ತಂಗಿಯೊಬ್ಬಳಿಗೇ. ಆದರೆ ಆ ನಾದಿನಿಯ ಗಂಟಲು ಎಂಥದ್ದೆಂದರೆ, ಬೀದಿಯ ಆ ತುದಿಯಲ್ಲಿ ನಿಂತು ಅವಳು "ಅತ್ತಿಗೇ" ಎಂದರೆ ಈ ತುದಿಯಲ್ಲಿ ಮಲಗಿದ ನಾಯಿ ತಲೆ ಎತ್ತುತ್ತಿತ್ತು. ಕೇಳಿ ಕೇಳಿ ಎಲ್ಲರ ಬಾಯಿಗೂ ಅದೇ ಹತ್ತಿತು.

ನಾದಿನಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿಯವರು ಭಾನುವಾರಗಳಂದು ಊರಾಚೆಯ ಪಾಳುಬಿದ್ದ ಇಟ್ಟಿಗೆ ಕಾರ್ಖಾನೆಯಲ್ಲಿ ಪೇಂಟ್‌ಬಾಲ್ ಆಡುವ ಹುಚ್ಚು ಹತ್ತಿಸಿಕೊಂಡಿದ್ದರು. ಎರಡು ಗುಂಪು, ಕೈಯಲ್ಲಿ ಗಾಳಿಯ ಗನ್ನು, ಗನ್ನಿನೊಳಗೆ ಬಣ್ಣದ ಗುಂಡು. ಮೈಮೇಲೆ ಬಣ್ಣ ಒಡೆದವರು ಕೈ ಎತ್ತಿಕೊಂಡು ಹೊರಗೆ ನಡೆಯಬೇಕು. ಒಂದು ವಾರ ಗುಂಪಿಗೆ ಒಬ್ಬರು ಕಡಿಮೆ ಬಿದ್ದರು. "ದಿನವಿಡೀ ಕತ್ತರಿ ಹಿಡಿದು ಹಿಡಿದು ನಿಮ್ಮ ಕೈ ಕಲ್ಲಿನ ಥರ ನಿಲ್ಲುತ್ತೆ ಅತ್ತಿಗೆ, ಬನ್ನಿ" ಎಂದು ನಾದಿನಿ ಎಳೆದುಕೊಂಡು ಹೋದಳು. ಹೋದ ಮೊದಲ ದಿನವೇ ಅತ್ತಿಗೆ ಲ್ಯಾಬಿನ ದೊಡ್ಡ ಡಾಕ್ಟರ ಹೊಟ್ಟೆಯನ್ನು ಹಳದಿ ಮಾಡಿದಳು. ನಲವತ್ತು ದಾಟಿದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅವಳಿಗೆ ನೆನಪಿರಲಿಲ್ಲ.

ತಾಪತ್ರಯವೆಂದರೆ ಬಾಡಿಗೆಯ ಸಾಮಾನಿನದು. ಗನ್ನು ಅರ್ಧ ಆಟದಲ್ಲಿ ಮೊಂಡು ಹಿಡಿಯುತ್ತಿತ್ತು. ಮಾಸ್ಕ್ ಮುಖಕ್ಕೆ ಹಾಕಿದರೆ ಊರವರೆಲ್ಲರ ಬೆವರಿನ ವಾಸನೆ. "ಹೀಗೆ ವಾರವಾರ ಬಾಡಿಗೆ ಸುರಿಯೋ ಬದಲು ನಮ್ಮದೇ ಒಂದು ಜೊತೆ ತಗೊಂಡುಬಿಡೋಣ ಕಣೆ. ತೀರಾ ದುಬಾರಿದು ಬೇಡ" ಎಂದು ಅತ್ತಿಗೆಯೇ ಹೊರಟಳು.

ಅಂಗಡಿ ಇದ್ದದ್ದು ಒಂದು ಹಾರ್ಡ್‌ವೇರ್ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ. ಅಂಗಡಿಯವನು ಬಡಕಲು ಆಸಾಮಿ. ಸೆಕೆಯಲ್ಲೂ ಕತ್ತಿಗೆ ಮಫ್ಲರ್ ಸುತ್ತಿಕೊಂಡಿದ್ದ. ನಾದಿನಿ ಮೆಟ್ಟಿಲು ಇಳಿಯುವಾಗಲೇ ಅವನಿಗೆ ಮಫ್ಲರ್ ಎಂದು ಹೆಸರಿಟ್ಟಳು.

"ನಿಮ್ಮ ಬಜೆಟ್ ಎಷ್ಟೇ ಇರಲಿ, ಮೊದಲು ಮುಖ ನೋಡ್ಕೊಳ್ಳಿ, ಆಮೇಲೆ ಕೈ" ಎಂದ ಮಫ್ಲರ್. "ಗನ್ ಕೆಟ್ರೆ ಆಟ ಹೋಗುತ್ತೆ, ಮಾಸ್ಕ್ ಕೆಟ್ರೆ ಕಣ್ಣು ಹೋಗುತ್ತೆ. ಬಟ್ಟೆಗೆ ಒಂದು ಕಾಸೂ ಹಾಕ್ಬೇಡಿ, ಹಳೇ ಜೀನ್ಸ್ ಸಾಕು. ಮೊಣಕಾಲಿಗೆ ಮಾತ್ರ ಪಟ್ಟಿ ಕಟ್ಕೊಳ್ಳಿ. ಗನ್ ಹಳೇದಾದ್ರೂ ನಡೆಯುತ್ತೆ, ಒಳಗೆ ಕಡಿಮೆ ಬಿಡಿಭಾಗ ಇರೋದು ನೋಡಿ ತಗೊಳ್ಳಿ. ಗಾಳಿ ಸಿಲಿಂಡರ್ ಮಾತ್ರ, ಯಾವಾಗ ಪರೀಕ್ಷೆ ಆಗಿದೆ ಅಂತ ಅದರ ಕತ್ತಿನ ಮೇಲೆ ಹೊಡೆದಿರ್ತಾರೆ, ಅದನ್ನ ಓದದೆ ಯಾರ ಹತ್ರಾನೂ ತಗೋಬೇಡಿ. ನನ್ನ ಹತ್ರಾನೂ."

ಮಾತು ಅತ್ತಿಗೆಗೆ ಹಿಡಿಸಿತು. ಆದರೆ ಅಗ್ಗದ ಹಳೇ ಗನ್ನು, ಸಿಲಿಂಡರು ಆರಿಸಿಟ್ಟರೂ ಕೈಯಲ್ಲಿ ಉಳಿದದ್ದು ಒಂದು ಸಾಧಾರಣ ಮಾಸ್ಕಿಗಷ್ಟೇ ಆಗುತ್ತಿತ್ತು. ಅದಕ್ಕೆ ಒಂದೇ ಪದರದ ಗಾಜು. ಉಸಿರು ಬಿಟ್ಟರೆ ಒಳಗೆ ಮಂಜು ಕಟ್ಟಿ ಎದುರಿನದು ಕಾಣುವುದಿಲ್ಲ. ಎರಡು ಪದರದ್ದಕ್ಕೆ ಆ ಕಾಟವಿಲ್ಲ ಎಂದ ಮಫ್ಲರ್; ಬೆಲೆ ಮಾತ್ರ ಕೈಗೆಟುಕುವಂಥದ್ದಲ್ಲ. ಅಷ್ಟರಲ್ಲಿ ಅವಳ ಕಣ್ಣು ಕೆಳಗಿನ ಹಲಗೆಗೆ ಬಿತ್ತು. ಕಪ್ಪನೆಯ ಮಾಸ್ಕ್, ಒಳ್ಳೆಯ ಮಾಲು, ಎರಡು ಪದರದ ಗಾಜು. ಅಂಟಿಸಿದ್ದ ಚೀಟಿಯ ಬೆಲೆ ನೋಡಿದರೆ ಬಿಟ್ಟಿ ಕೊಟ್ಟಂತೆ.

"ಅದು ಬೇಡಮ್ಮ" ಎಂದ ಮಫ್ಲರ್.

"ಯಾಕೆ, ಒಡೆದಿದೆಯಾ?"

"ಒಡೆದಿಲ್ಲ. ಮೂರು ಸಲ ಮಾರಿದೀನಿ, ಮೂರು ಸಲಾನೂ ವಾಪಸ್ ಬಂತು. ಮಂಜು ಕಟ್ಟುತ್ತಂತೆ."

"ಇಂಥದ್ದು ಮಂಜು ಕಟ್ಟಲ್ಲ ಅಂತ ಈಗ ತಾನೇ ನೀವೇ ಅಂದ್ರಲ್ಲ?"

"ಅಂದೆ." ಅವನು ಮಫ್ಲರನ್ನು ಬಿಗಿ ಮಾಡಿಕೊಂಡ.

"ಮೂರು ಸಲ ಗಂಡನ ಮನೆಯಿಂದ ವಾಪಸ್ ಬಂದ ಮಗಳು ಅನ್ನಿ" ಎಂದಳು ನಾದಿನಿ. "ತಪ್ಪು ಗಂಡನ ಮನೆಯದ್ದೂ ಇರಬಹುದು. ಕಟ್ಟಿಕೊಡಿ."

ಅವನು ಕಟ್ಟಿಕೊಟ್ಟ. ಕಟ್ಟುವಾಗ ಅದರ ಗಾಜಿನ ಕಡೆ ನೋಡಲಿಲ್ಲ.

ಮರುದಿನ ಪಾರ್ಲರಿಗೆ ರಜೆ. ಮಧ್ಯಾಹ್ನ ಅತ್ತಿಗೆ ಮಾಸ್ಕಿನ ಪಟ್ಟಿ ತೊಳೆದು, ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಕನ್ನಡಿಯ ಮುಂದಿನ ಹಲಗೆಯ ಮೇಲೆ ಇಟ್ಟಳು. ಕತ್ತರಿಗಳಿಗೆ ಎಣ್ಣೆ ಬಿಡುತ್ತಾ ಕೂತವಳಿಗೆ ಏನೋ ಕದಲಿದಂತೆ ಕಂಡಿತು. ಗಾಜಿನ ಒಳಮೈಯಲ್ಲಿ, ಮೂಗು ಬರುವ ಜಾಗದ ಹತ್ತಿರ, ಬಿಳಿ ಮಂಜಿನ ಒಂದು ತೇಪೆ. ನೋಡುತ್ತಿದ್ದಂತೆ ಅದು ಕುಗ್ಗಿ ಮಾಯವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಹೋಯಿತು.

ನೀರು ಕಾಯಿಸಿದ ಹಬೆ ಇರಬೇಕೆಂದು ಅವಳು ಕಿಟಕಿ ತೆರೆದಳು. ಮಂಜು ನಿಲ್ಲಲಿಲ್ಲ. ಮಾಸ್ಕನ್ನು ಮುಖಕ್ಕೆ ಹಾಕಿಕೊಂಡು ಕನ್ನಡಿಗೆ ಎದುರಾಗಿ ನಿಂತು, ಉಸಿರು ಬಿಗಿಹಿಡಿದಳು. ಕನ್ನಡಿಯಲ್ಲಿ ಕಂಡ ಹೆಂಗಸು ಉಸಿರಾಡುತ್ತಿರಲಿಲ್ಲ. ಅವಳ ಮುಖದ ಮುಂದಿನ ಗಾಜು ಉಸಿರಾಡುತ್ತಿತ್ತು; ನಿಧಾನವಾಗಿ, ಮಲಗಿದವರ ಹಾಗೆ. ಅತ್ತಿಗೆ ಮಾಸ್ಕನ್ನು ಕಿತ್ತು ಹಲಗೆಯ ಮೇಲೆ ಇಟ್ಟಳು. ಎಷ್ಟೋ ಜನರ ಕತ್ತಿನ ಹಿಂದಿನ ಕೂದಲು ಬಾಚಿದ್ದ ಅವಳಿಗೆ ತನ್ನ ಕತ್ತಿನ ಕೂದಲು ಮುಳ್ಳಿನಂತೆ ಎದ್ದು ನಿಂತದ್ದು ಅಂದೇ ಮೊದಲು.

"ಎರಡು ಗಾಜಿನ ಮಧ್ಯೆ ತೇವ ಸೇರ್ಕೊಂಡಿರುತ್ತೆ ಅಷ್ಟೇ" ಎಂದಳು ನಾದಿನಿ. ಲ್ಯಾಬಿನಿಂದ ತೇವ ಹೀರುವ ಹರಳುಗಳ ಪೊಟ್ಟಣಗಳನ್ನು ತಂದು ಮಾಸ್ಕಿನ ಜೊತೆ ಚೀಲದಲ್ಲಿ ಕಟ್ಟಿಟ್ಟಳು. ಚೀಲ ಬಿಚ್ಚಿದಾಗ ಹರಳು ಒದ್ದೆಯಾಗಿದ್ದವು. ಗಾಜು ತನ್ನ ಕೆಲಸ ಮಾಡುತ್ತಲೇ ಇತ್ತು. ಬೀದಿಗೆಲ್ಲ ಕೇಳಿಸುವ ಗಂಟಲಿನ ನಾದಿನಿ "ಚೀಲ ಕಟ್ಟಿಬಿಡಿ ಅತ್ತಿಗೆ" ಎಂದು ಪಿಸುಗುಟ್ಟಿದಳು.

ಆದರೂ ಭಾನುವಾರ ಅತ್ತಿಗೆ ಅದನ್ನೇ ಹಾಕಿಕೊಂಡಳು. ಬೇರೆಯದು ಕೊಳ್ಳುವಂತಿರಲಿಲ್ಲ. ಜೊತೆಗೆ, ಹೆದರಿದೆ ಎಂದು ಒಪ್ಪಿಕೊಳ್ಳುವ ಜಾಯಮಾನವೂ ಅವಳದ್ದಲ್ಲ. ಸೀಟಿ ಊದುತ್ತಲೇ ಗಾಜಿನ ಉಸಿರು ಚುರುಕಾಯಿತು. ಒಂದು ಸೋಜಿಗವೆಂದರೆ ಮಂಜು ಅವಳ ಕಣ್ಣಿಗೆ ಒಮ್ಮೆಯೂ ಅಡ್ಡ ಬರಲಿಲ್ಲ. ಕೆಳಗಿನ ಅಂಚಿನಲ್ಲೇ, ಬಸ್ಸಿನಲ್ಲಿ ಪಕ್ಕದವರಿಗೆ ತಾಗದಂತೆ ಮುದುಡಿ ಕೂತ ಮನುಷ್ಯನ ಹಾಗೆ, ಬಂದು ಹೋಗುತ್ತಿತ್ತು. ಅವಳು ಇಟ್ಟಿಗೆ ರಾಶಿಯ ಹಿಂದಿನಿಂದ ತಲೆ ಹೊರಗೆ ಹಾಕಬೇಕೆನ್ನುವಾಗ ಆ ಉಸಿರು ಥಟ್ಟನೆ ನಿಂತಿತು. ಅವಳೂ ನಿಂತಳು. ತಲೆ ಇರಬೇಕಾಗಿದ್ದ ಜಾಗದಲ್ಲಿ ಕೆಂಪು ಬಣ್ಣ ಪಟಾರನೆ ಒಡೆಯಿತು.

ಅಂದು ಅವಳ ಮೈಮೇಲೆ ಒಂದು ಹನಿ ಬಣ್ಣ ಬೀಳಲಿಲ್ಲ. ಎಲ್ಲರೂ ಬೆನ್ನು ತಟ್ಟುವಾಗ ಅವಳು ಕೈಯಲ್ಲಿದ್ದ ಮಾಸ್ಕನ್ನೇ ನೋಡುತ್ತಿದ್ದಳು. ಮಂಜು ತುಂಡು ತುಂಡಾಗಿ, ಎಡವುತ್ತಾ, ಒಂದರ ಮೇಲೊಂದು ಬರುತ್ತಿತ್ತು. ದಣಿಯುವಷ್ಟು ಓಡಿಬಂದು ಬಿದ್ದು ಬಿದ್ದು ನಗುವವರ ಉಸಿರು ಹಾಗಿರುತ್ತದೆ.

ಅವಳು ನೇರ ಮಫ್ಲರಿನ ಅಂಗಡಿಗೆ ನಡೆದಳು. "ಇದು ಯಾರದ್ದು? ಸತ್ತವರದ್ದು ತಾನೇ? ನಿಜ ಹೇಳಿ."

"ರೈಲ್ವೆ ಸಿಗ್ನಲ್ ರಿಪೇರಿ ಮಾಡ್ತಿದ್ದೋರದ್ದು. ಅವರ ಮನೆಯವರು ತಂದು ಮಾರಿದ್ರು" ಎಂದ ಅವನು. ಆಮೇಲೆ ದನಿ ತಗ್ಗಿಸಿದ. "ಸತ್ತಿಲ್ಲಮ್ಮ. ತೊಂದರೆ ಇರೋದೇ ಅಲ್ಲಿ."

ವಿಳಾಸ ಹುಡುಕಿಕೊಂಡು ಹೋದರೆ, ಮೂರನೇ ಮಹಡಿಯ ಬಾಗಿಲು ತೆರೆದವಳು ಅತ್ತಿಗೆಯ ವಯಸ್ಸಿನವಳೇ. ಕತ್ತಿನಲ್ಲಿ ಅಳತೆ ಟೇಪು ನೇತಾಡುತ್ತಿತ್ತು. ಮನೆಯಲ್ಲೇ ಪರದೆಗಳನ್ನು ಹೊಲಿದು ಕೊಡುತ್ತಿದ್ದಳು. ಒಳಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಪಕ್ಕಕ್ಕೇ ಉಸಿರಾಟದ ಯಂತ್ರ, ನಡುವೆ ಮಂಚ. ಮಂಚದ ಮೇಲೆ ನೀಟಾಗಿ ಗಡ್ಡ ಬೋಳಿಸಿದ ಗಂಡಸು, ಗಂಟಲಿಗೆ ಕೊಳವೆ. ಕಣ್ಣು ಅರೆ ತೆರೆದಿತ್ತು; ನೋಟ ಇರಲಿಲ್ಲ.

"ಹಲ್ಲುಜ್ಜುತ್ತಾ ನಿಂತಿದ್ರು, ಹಾಗೇ ಕುಸಿದ್ರು" ಎಂದಳು ಹೆಂಡತಿ. "ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿತಂತೆ. ಉಸಿರು ಯಂತ್ರದ್ದು, ಒಳಗೆ ಯಾರೂ ಇಲ್ಲ ಅಂತಾರೆ ಡಾಕ್ಟರು. ಎರಡು ವರ್ಷ ಆಯ್ತು."

ಅತ್ತಿಗೆ ಏನನ್ನೂ ವಿವರಿಸಲಿಲ್ಲ. ಚೀಲದಿಂದ ಮಾಸ್ಕ್ ತೆಗೆದು ಹೊದಿಕೆಯ ಮೇಲೆ ಇಟ್ಟಳು. ಯಂತ್ರ ಒಂದೇ ತಾಳದಲ್ಲಿ ಆ ಎದೆಯನ್ನು ಎತ್ತಿ ಇಳಿಸುತ್ತಿತ್ತು. ಗಾಜಿನ ಮಂಜು ಆ ತಾಳಕ್ಕೆ ಸೇರಿರಲಿಲ್ಲ. ಮನೆ ಹತ್ತಿರ ಬಂದ ಮಗುವಿನ ಹಾಗೆ ಓಡುತ್ತಿತ್ತು. ಹೆಂಡತಿ ಎರಡನ್ನೂ ನೋಡಿ ಮೆಲ್ಲಗೆ ಕುರ್ಚಿಗೆ ಕೂತಳು.

ಅತ್ತಿಗೆ ಮಂಚದ ಮೇಲೆ ಬಾಗಿದಳು. "ಅಣ್ಣಾ, ನನ್ನ ಮಾತು ಕೇಳಿಸ್ತಿದ್ರೆ ಉಸಿರು ಹಿಡೀರಿ."

ಗಾಜು ತಿಳಿಯಾಯಿತು. ತಿಳಿಯಾಗಿಯೇ ಉಳಿಯಿತು. ಯಂತ್ರ ಮಾತ್ರ ಎದೆಯನ್ನು ಎತ್ತುತ್ತಿತ್ತು, ಇಳಿಸುತ್ತಿತ್ತು.

"ಸಾಕು, ಬಿಡಿ."

ಮಂಜು ಕವಿಯಿತು.

ಹೆಂಡತಿ ಸಂತೋಷದಿಂದ ಕೂಗುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದುಕೊಂಡಿದ್ದಳು ಅತ್ತಿಗೆ. ಅವಳು ಎದ್ದು ಗೋಡೆಗೆ ಅಂಟಿಕೊಂಡು ನಿಂತಳು. ಮುಖ ಸುಣ್ಣದಂತಾಗಿತ್ತು. "ಹಾಗಾದ್ರೆ ಎಲ್ಲಾನೂ ಕೇಳಿಸ್ಕೊಂಡಿದಾರಾ?" ಎಂದಳು. "ನಾನು ಇಲ್ಲೇ ಕೂತು ಹೊಲೀತಾ ನಮ್ಮಕ್ಕನಿಗೆ ಫೋನ್ ಮಾಡ್ತಿದ್ದೆ. ದಿನಾ. ಯಾವಾಗ ಮುಗಿಯುತ್ತೋ, ಯಾವಾಗ ನನಗೆ ಬಿಡುಗಡೆಯೋ ಅಂತ. ಇವರ ಮುಂದೇನೇ. ಗೋಡೆ ಮುಂದೆ ಮಾತಾಡಿದ ಹಾಗೆ."

ಕನ್ನಡಿಯ ಮುಂದೆ ಕೂತು ಮನಸ್ಸು ಬಿಚ್ಚಿದ ಹೆಂಗಸರನ್ನು ಅತ್ತಿಗೆ ಬೇಕಾದಷ್ಟು ಕಂಡಿದ್ದಳು. ಆದರೆ ಆ ಕನ್ನಡಿಗಳಿಗೆ ಕಿವಿ ಇರಲಿಲ್ಲ.

ಕೊನೆಗೆ ಹೆಂಡತಿಯೇ ಹತ್ತಿರ ಬಂದಳು. ಹೌದಾದರೆ ಮಂಜು, ಇಲ್ಲವಾದರೆ ಬರಿಗಾಜು ಎಂದು ಹೇಳಿ, "ನನ್ನ ಮೇಲೆ ಕೋಪ ಇದೆಯಾ?" ಎಂದು ಕೇಳಿದಳು.

ಗಾಜು ತಿಳಿಯಾಯಿತು. ಇಬ್ಬರೂ ನೋಡುತ್ತಾ ನಿಂತರು. ಬಹಳ ಹೊತ್ತಿನ ಮೇಲೆ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆಯಷ್ಟು ಮಂಜು ಮೂಡಿತು. ಅದು ಹೌದೋ, ಅಥವಾ ಇನ್ನು ಉಸಿರು ಹಿಡಿಯಲಾರದೆ ಬಿಟ್ಟದ್ದೋ, ಇಬ್ಬರಿಗೂ ತಿಳಿಯಲಿಲ್ಲ. ಮತ್ತೊಮ್ಮೆ ಕೇಳುವ ಧೈರ್ಯ ಹೆಂಡತಿಗೆ ಬರಲಿಲ್ಲ.

"ಇದನ್ನ ಇಲ್ಲೇ ಬಿಟ್ಟು ಹೋಗ್ಲಾ ಅಣ್ಣಾ?" ಎಂದಳು ಅತ್ತಿಗೆ. ಬರಿಗಾಜು. "ಮತ್ತೆ, ಆಟಕ್ಕೆ ಕರ್ಕೊಂಡು ಹೋಗ್ಲಾ?"

ಗಾಜು ತುದಿಯಿಂದ ತುದಿಗೆ ಬೆಳ್ಳಗಾಯಿತು.

"ಮೊದಲೂ ಹಾಗೇ" ಎಂದಳು ಹೆಂಡತಿ. ಅವಳ ತುಟಿ ನಗುವಿಗೆ ಹೊರಟು ಅರ್ಧಕ್ಕೇ ನಿಂತಿತು. "ಭಾನುವಾರ ಬಂತಂದ್ರೆ ಕಾಲು ಮನೇಲಿ ನಿಲ್ತಿರಲಿಲ್ಲ."

ಅಂದಿನಿಂದ ಅದೇ ರೂಢಿಯಾಯಿತು. ಭಾನುವಾರ ಅತ್ತಿಗೆ ಆಡುತ್ತಿದ್ದಳು; ಸೋಮವಾರ ಬಂದು ಮಂಚದ ಪಕ್ಕ ಕೂತು, ಯಾರು ಎಲ್ಲಿ ಅಡಗಿದ್ದರು, ಯಾರು ಜಾರಿ ಬಿದ್ದರು ಎಂದು ಹೇಳುತ್ತಿದ್ದಳು. ಹೆಂಡತಿ ಡಾಕ್ಟರನ್ನೂ ಕರೆತಂದು ತೋರಿಸಿದಳು. ಅವರು ಮಾಸ್ಕನ್ನು ತಿರುವಿ ನೋಡಿ, ತೇವ ಎಂದು ನಾದಿನಿಯ ಮಾತನ್ನೇ ಆಡಿ ಹೋದರು. ಹೊಲಿಗೆ ಯಂತ್ರ ನಡುಮನೆಗೆ ಹೋಯಿತು. ಆ ಕೋಣೆಯಲ್ಲಿ ಹೆಂಡತಿ ಫೋನ್ ಎತ್ತುತ್ತಿರಲಿಲ್ಲ. ಒಳಗೆ ಬರುವ ಮುನ್ನ ಹೊಸ್ತಿಲಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು, ಬೇರೆಯವರ ಮನೆಗೆ ಹೋಗುವವಳ ಹಾಗೆ. ನಿದ್ದೆಯಿಲ್ಲದೆ ಅವಳ ಕಣ್ಣ ಕೆಳಗೆ ಕಪ್ಪಾಯಿತು. ಗಂಡ ಬದುಕಿದ್ದಾನೆಂದು ತಿಳಿದ ಮೇಲೆ ಅವಳು ಇನ್ನಷ್ಟು ಒಂಟಿಯಾದಂತೆ ಅತ್ತಿಗೆಗೆ ಅನಿಸುತ್ತಿತ್ತು. ತಾನು ಆ ಮನೆಯ ಬಾಗಿಲು ತಟ್ಟದೇ ಇದ್ದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದಳು.

ಚಳಿ ಶುರುವಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಫೋನ್ ಬಂತು. "ಹೋದ್ರು" ಎಂದಳು ಹೆಂಡತಿ. ಅಷ್ಟೇ.

ಅತ್ತಿಗೆ ಒಬ್ಬಳ ತಲೆಗೆ ಬಣ್ಣ ಹಚ್ಚುತ್ತಿದ್ದಳು. ಕೈ ಒರೆಸಿಕೊಂಡು ಹೋಗಿ ಮಾಸ್ಕ್ ಇಟ್ಟಿದ್ದ ಕಪಾಟು ತೆರೆದಳು. ಗಾಜು ತಿಳಿಯಾಗಿರುತ್ತದೆ ಎಂದೇ ನಂಬಿದ್ದಳು. ಅಲ್ಲಿ ಮಂಜು ಬರುತ್ತಿತ್ತು, ಹೋಗುತ್ತಿತ್ತು. ಎಂದಿನ ನಿಧಾನವಿರಲಿಲ್ಲ. ಬೇಗ ಬೇಗ, ಸೀಟಿಗೆ ಕಾದು ನಿಂತವನ ಹಾಗೆ. ಅವಳು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಏನಾಯ್ತು?" ಎಂದಳು ಕುರ್ಚಿಯಲ್ಲಿದ್ದವಳು.

"ಏನಿಲ್ಲ. ಕಣ್ಣು ಮುಚ್ಕೊಳ್ಳಿ, ಬಣ್ಣ ಇಳಿಯುತ್ತೆ."

ಎಲ್ಲ ಮುಗಿದ ಮೇಲೆ ಹೆಂಡತಿ ಪಾರ್ಲರಿಗೆ ಬಂದಳು. ಕೂದಲು ಗಿಡ್ಡ ಮಾಡಿಸಿಕೊಳ್ಳಬೇಕು ಎಂದಳು. ಅತ್ತಿಗೆ ತಲೆ ತೊಳೆದು, ಬಾಚಿ, ಕತ್ತರಿ ಎತ್ತಿಕೊಂಡಾಗ ಅವಳು ಕನ್ನಡಿಯೊಳಗಿನಿಂದಲೇ ಕೇಳಿದಳು. "ಅದು? ನಿಂತಿತಾ?"

ಕಪಾಟು ಹೆಂಡತಿಯ ಬಲಗೈಗೆ ಎಟುಕುವಷ್ಟು ದೂರದಲ್ಲಿತ್ತು.

"ನಿಂತುಹೋಯ್ತು" ಎಂದಳು ಅತ್ತಿಗೆ. "ಅವತ್ತೇ. ನೀವು ಫೋನ್ ಮಾಡೋ ಹೊತ್ತಿಗೇ ಗಾಜು ತಿಳಿಯಾಗಿತ್ತು." ಕತ್ತರಿ ನೇರವಾಗಿಯೇ ನಡೆಯಿತು.

ಹೆಂಡತಿ ಉದ್ದಕ್ಕೆ ಉಸಿರು ಬಿಟ್ಟು ತಲೆಯನ್ನು ಹಿಂದಕ್ಕೆ ಒರಗಿಸಿದಳು. ಕತ್ತರಿ ಎರಡು ಸುತ್ತು ಬರುವುದರೊಳಗೆ ನಿದ್ದೆ ಹೋದಳು. ಅತ್ತಿಗೆ ಅವಳನ್ನು ಎಬ್ಬಿಸಲಿಲ್ಲ. ಬಾಗಿಲಿನ ಹಲಗೆಯನ್ನು 'ಮುಚ್ಚಿದೆ' ಕಡೆಗೆ ತಿರುಗಿಸಿ, ಬಂದವರನ್ನೆಲ್ಲ ಸನ್ನೆಯಲ್ಲೇ ವಾಪಸ್ ಕಳಿಸಿದಳು.

ಭಾನುವಾರ ನಾದಿನಿ ಹೊರಗಿನಿಂದ ಕೂಗಿದಾಗ ಅವಳು ಗನ್ನು, ಸಿಲಿಂಡರು ಚೀಲಕ್ಕೆ ತುಂಬಿ, ಮಾಸ್ಕಿನ ಮುಂದೆ ಸ್ವಲ್ಪ ಹೊತ್ತು ನಿಂತಳು. ಒಯ್ಯಲು ಭಯವಿತ್ತು. ಮುಚ್ಚಿದ ಪಾರ್ಲರಿನಲ್ಲಿ ಅದೊಂದನ್ನೇ ಬಿಟ್ಟುಹೋಗಲು ಅದಕ್ಕಿಂತ ಭಯವಿತ್ತು. ಒಯ್ದಳು.