ಪುಟ ೨೮೮

ಹುಕ್ಕೇರಿಯ ಇತಿಹಾಸ ಬರೆಯುವವರು ಮರೆಯಬಾರದ ಘಟನೆಯೊಂದು ೧೯೯೮ರ ಮಳೆಗಾಲದಲ್ಲಿ ನಡೆಯಿತು: ಜವಳಿ ವ್ಯಾಪಾರಿ ಆಬಾಸಾಹೇಬರು ಒಂದು ಸ್ವೀಡಿಷ್ ಕೊಲೆ ಕಾದಂಬರಿಯ ಇನ್ನೂರ ಎಂಬತ್ತೆಂಟನೆಯ ಪುಟದಲ್ಲಿ ನಿಂತುಬಿಟ್ಟರು. ಉಳಿದದ್ದು ಇಪ್ಪತ್ತೆರಡು ಪುಟ.

ಕೊಲ್ಹಾಪುರದಿಂದ ತಂದ ಮರಾಠಿ ಅನುವಾದ ಅದು. ಹಿಮದಲ್ಲಿ ಹೂತ ಹೆಣ. ಹೆಂಡತಿ ಬಿಟ್ಟುಹೋದ, ಸಕ್ಕರೆ ಕಾಯಿಲೆಯ, ನಿದ್ದೆಗೆಟ್ಟ ಇನ್ಸ್‌ಪೆಕ್ಟರ್. ಪಕ್ಕದ ಮನೆಯವರ ಹೆಸರೂ ಗೊತ್ತಿರದ ಊರು. ಹುಕ್ಕೇರಿಯಲ್ಲಾದರೆ ನಿಮ್ಮ ಒಗ್ಗರಣೆಗೆ ಯಾವ ಎಣ್ಣೆ ಎಂಬುದೂ ಪಕ್ಕದ ಮನೆಗೆ ಗೊತ್ತು. ಕೊಲೆಗಾರ ಮಧ್ಯಾಹ್ನದೊಳಗೆ ಸಿಕ್ಕಿಬಿದ್ದು, ಕಾದಂಬರಿ ಹತ್ತು ಪುಟ ದಾಟುತ್ತಿರಲಿಲ್ಲ. ಆಬಾಸಾಹೇಬರಿಗೆ ಸ್ವೀಡನ್ ಬೇಕಾದದ್ದು ಅದಕ್ಕೇ.

ನಿಂತದ್ದು ಸ್ವಂತ ತಪ್ಪಿನಿಂದ. ಚಾತುರ್ಮಾಸಕ್ಕೆ ಹತ್ತರಗಿಗೆ ಬಂದ ಜೈನ ಮುನಿ ಮಹಾರಾಜರು, ದೀಪಾವಳಿಯವರೆಗೆ ಏನು ಬಿಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದ್ದರು. ಜಾಣರೆಲ್ಲ ತಾವೆಂದೂ ತಿನ್ನದ ಬಟಾಟಿ, ಬಳ್ಳೊಳ್ಳಿ ಬಿಟ್ಟರು. ಆಬಾಸಾಹೇಬರು ಹುಮ್ಮಸ್ಸಿನಲ್ಲಿ, "ಪತ್ತೇದಾರಿ ಕಾದಂಬರಿ, ಮಹಾರಾಜ. ಓದೂದಿಲ್ಲ, ಓದಿಸಿ ಕೇಳೂದೂ ಇಲ್ಲ," ಎಂದುಬಿಟ್ಟರು.

ಗಂಡ ಇಷ್ಟು ಹಚ್ಚಿಕೊಂಡದ್ದೇನೆಂದು ನೋಡಲು ಹೋದ ಹೆಂಡತಿ ತಾರಾಬಾಯಿ ಮೂರೇ ದಿನದಲ್ಲಿ ಪುಸ್ತಕ ಮುಗಿಸಿದರು.

"ಆ ಇನ್ಸ್‌ಪೆಕ್ಟರಗ ಒಂದ್ ಬಿಸಿ ರೊಟ್ಟಿ ಮಾಡಿ ಹಾಕವ್ರಿಲ್ಲಲ್ರಿ, ಪಾಪ."

"ಕಡೀಕ ಏನಾತು ಅಂತ ಹೇಳಬ್ಯಾಡ."

"ನಾ ಎಲ್ಲಿ ಹೇಳಾಕತ್ತೇನ್ರಿ? ಆದ್ರ ನೀವು ಆ ಅಳ್ಯಾನ ಮ್ಯಾಲ ಸಂಶೆ ಪಟ್ಟಿದ್ರಲ್ಲ..."

"ತಾರಾ!"

ಶ್ರಾವಣದಲ್ಲಿ ಆಬಾಸಾಹೇಬರಿಗೆ ದೀಪದ ಸುತ್ತ ಬಣ್ಣದ ಬಳೆಗಳು ಕಾಣತೊಡಗಿದವು. ಗೋಕಾಕದ ಕಣ್ಣಿನ ಡಾಕ್ಟರು ಬಹಳ ಹೊತ್ತು ನೋಡಿ, "ನರಾ ಒಣಗ್ಯಾವ್ರಿ. ಹೋದ ದೃಷ್ಟಿ ತಿರುಗಿ ಬರೂದಿಲ್ಲ. ದೀಪಾವಳಿ ಮಟಾ ಅಕ್ಷರಾ ಕಂಡ್ರ ಪುಣ್ಯಾ. ಏನರ ಓದೂದಿದ್ರ ಈಗ ಓದ್ಕೊರಿ," ಎಂದರು.

ಬಸ್ಸಿನಲ್ಲಿ ತಾರಾಬಾಯಿ ಪಿಸುಗುಟ್ಟಿದರು: "ಇವತ್ತ ಓದಿಬಿಡ್ರಿ. ಯಾರ್ ನೋಡ್ತಾರ?"

"ನಾ ನೋಡ್ತೇನಲ್ಲ."

"ಇನ್ನ ಎಷ್ಟ ದಿನಾ ನೋಡ್ತೀರಿ?" ಎಂದವರು ನಾಲಿಗೆ ಕಚ್ಚಿಕೊಂಡರು.

ಮರುದಿನ ಆಬಾಸಾಹೇಬರು ವ್ರತದಿಂದ ಬಿಡುಗಡೆ ಕೇಳಲು ಹತ್ತರಗಿಗೆ ಹೋದರು. ಸಾಲಿನಲ್ಲಿ ಅವರ ಮುಂದೆ ಚಹಾ ಬಿಟ್ಟಿದ್ದ ಗೊಮ್ಮಟೇಶ ನಿಂತಿದ್ದ.

"ತಲಿ ಸಿಡ್ಯಾಕತ್ತೈತ್ರಿ, ಮಹಾರಾಜ. ಅರ್ಧಾ ಕಪ್ಪ ಆದ್ರೂ..."

"ಬಿಟ್ಟದ್ದು ಬಿಟ್ಟ ಹಾಗೆ," ಎಂದರು ಮಹಾರಾಜರು, ನಗುತ್ತಲೇ.

ಅರ್ಧ ಕಪ್ಪು ಚಹಾಕ್ಕೇ ಇಲ್ಲದ ವಿನಾಯಿತಿ ಕೊಲೆಗೆಲ್ಲಿಂದ ಬರಬೇಕು? ಆಬಾಸಾಹೇಬರು ಕೈ ಮುಗಿದು, ಏನೂ ಕೇಳದೆ ಹೊರಬಿದ್ದರು.

ಆಮೇಲೆ ದಿನಾ ಬೆಳಿಗ್ಗೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ದೀಪಾವಳಿ ಎಷ್ಟು ದೂರವೆಂದು ನೋಡುವರು. ಮೊದಲು ಸಣ್ಣಕ್ಷರದ ತಿಥಿಗಳು ಮಾಯವಾದವು. ಆಮೇಲೆ ದಪ್ಪಕ್ಷರದ ತಾರೀಖುಗಳು. ತಾರಾಬಾಯಿ ಕಾದಂಬರಿಯ ಅಳಿಯನ ಸುದ್ದಿ ಎತ್ತುವುದನ್ನು ಬಿಟ್ಟಿದ್ದರು.

ದೀಪಾವಳಿಯ ಮರುದಿನ ಆಬಾಸಾಹೇಬರು ಅಂಗಳದ ಬಿಸಿಲಿನಲ್ಲಿ ಕೂತು ಪುಸ್ತಕ ತೆರೆದರು. ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು. ಪುಟದ ತುಂಬ ಹಿಮ ಬಿದ್ದಿತ್ತು.

"ಎಲ್ಲೀತನಾ ಬಂದಿದ್ರಿ?" ತಾರಾಬಾಯಿ ಪುಸ್ತಕ ತೆಗೆದುಕೊಂಡರು.

"ಪೋಸ್ಟಮನ್ ಬಾಗಲಾ ಬಡದಿದ್ದ."

ತಾರಾಬಾಯಿ ಪುರಾಣ ಓದುವ ಧಾಟಿಯಲ್ಲಿ, ಬೆರಳಿಟ್ಟು ಓದಿದರು. ಮುಗಿಯುವಾಗ ಊಟದ ಹೊತ್ತಾಗಿತ್ತು. ಕೊಂದವನು ಪೋಸ್ಟಮನ್. ಕಡೆಯ ಇಪ್ಪತ್ತೆರಡು ಪುಟಗಳನ್ನು ಆಬಾಸಾಹೇಬರು ಓದಲಿಲ್ಲ.