ಸಾವಕ್ಕನ ಕೋಡಬಳೆ

ಓಣಿಯಲ್ಲಿ ನಿಂತ ಜೀಪಿನಿಂದ ಡ್ರೈವರ್ ರಟ್ಟಿನ ಪೆಟ್ಟಿಗೆ ಇಳಿಸಿ ಹೊಸ್ತಿಲ ಹತ್ತಿರ ತರುವಷ್ಟರಲ್ಲಿ ನಂದಾ ಬಾಗಿಲಿಗೆ ಅಡ್ಡ ನಿಂತಳು.

"ಒಳಗ ತರಬ್ಯಾಡ."

"ಸಾಹುಕಾರ್ರು ಹೇಳ್ಯಾರ್ರಿ. ಮಣ್ಣಿಗೆ ಬಂದವ್ರಿಗೆ ಒಂದೊಂದು ಪಾಕೀಟ ಕೊಡು ಅಂತ."

ಪಡಸಾಲೆಯಲ್ಲಿ ಸಾವಕ್ಕನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ಭಂಡಾರ. ನಿನ್ನೆ ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಒಲೆಯ ಮುಂದೆಯೇ ಒರಗಿದ್ದಳು. ಪಾಕೀಟುಗಳ ಮೇಲೂ ಅದೇ ಮುಖ. ಕೆಳಗೆ ದಪ್ಪಕ್ಷರ: 'ಸಾವಕ್ಕನ ಕೋಡಬಳೆ. ದಿನಾ ತಿನ್ನಿ, ಶುಗರ್ ಮರೆಯಿರಿ.'

ಹೆಣದ ಮುಂದೂ ಜಾಹೀರಾತು! ನಂದಾಳ ಮೈ ಉರಿಯಿತು.

*

ನವಲಗುಂದದಲ್ಲಿ ಸಾಹುಕಾರ ಶಿದ್ಲಿಂಗಪ್ಪನ ತಿಂಡಿ ಕಾರ್ಖಾನೆ. ನಂದಾ ಅಲ್ಲಿ ಪರೀಕ್ಷೆ ಮಾಡುವವಳು. ತಿಂದ ಸಕ್ಕರೆಯನ್ನು ಒಂದಿಷ್ಟಾದರೂ ಹೊಟ್ಟೆಯಲ್ಲೇ ನಾರಾಗಿಸುವ ಕಿಣ್ವವನ್ನು ಜೋಳದ ಕೋಡಬಳೆಗೆ ಸೇರಿಸಬೇಕಿತ್ತು. ಆರು ತಿಂಗಳು ಹೆಣಗಿದಳು. ಕಾದ ಎಣ್ಣೆಗೆ ಬಿದ್ದೊಡನೆ ಕಿಣ್ವ ಸಾಯುತ್ತಿತ್ತು. ತಿರ್ಲಾಪುರದಿಂದ ಕರಿಯಲು ಬರುತ್ತಿದ್ದ ಸಾವಕ್ಕ ಒಂದು ದಿನ ನಕ್ಕೇಬಿಟ್ಟಳು.

"ಯವ್ವಾ, ಕುದಿಯೂ ಹಾಲಿಗೆ ಯಾರರ ಹೆಪ್ಪು ಹಾಕ್ತಾರೇನ? ಆರಲಿ. ಆಮ್ಯಾಲ ಖಾರಪುಡಿ ಜೋಡಿ ಹಚ್ಚು."

ಅದೇ ಸರಿಹೋಯಿತು. ಸಾವಕ್ಕನಿಗೂ ಸಕ್ಕರೆ ಕಾಯಿಲೆಯಿತ್ತು. ಮೂರು ತಿಂಗಳು ತನ್ನದೇ ಬೆರಳು ಚುಚ್ಚಿಸಿಕೊಂಡಳು. ತಿಂದ ಮೇಲೆ ಏರುವ ಸಕ್ಕರೆ ತುಸು ತಗ್ಗಿತು. ಗುಳಿಗೆ ಬಿಡುವಷ್ಟಲ್ಲ.

ಆರಿಸಿ ಪುಡಿ ಹಚ್ಚಲು ಹೊತ್ತು ಹಿಡಿಯುತ್ತದೆಂದು ಶಿದ್ಲಿಂಗಪ್ಪ ಕಿಣ್ವವನ್ನು ಹಿಟ್ಟಿಗೇ ಕಲಸಿ ಕರಿಸತೊಡಗಿದ. ನಂದಾಳ ಪರೀಕ್ಷೆಯಲ್ಲಿ ಸೊನ್ನೆ ಬಂತು. ಸಾವಕ್ಕ ಅವನ ಮೇಜಿನ ಮೇಲೆ ಕರಿಯುವ ಝಾರಿ ಕುಕ್ಕಿದಳು.

"ಸತ್ತದ್ದನ್ನ ಮಾರ್ತೀರಿ. ಅದರ ಮ್ಯಾಲಿಂದ ನನ್ನ ಮಾರಿ ತಗೀರಿ."

ಮರುದಿನ ಅವಳಿಗೆ ಕೆಲಸವಿರಲಿಲ್ಲ. ಮುಖ ಮಾತ್ರ ಪಾಕೀಟಿನಲ್ಲೇ ಉಳಿಯಿತು. ಅವತ್ತು ಪಕ್ಕದಲ್ಲೇ ನಿಂತಿದ್ದ ನಂದಾ ಸೊನ್ನೆ ಬಂದ ಕಾಗದ ಮಡಚಿ ಚೀಲದಲ್ಲಿಟ್ಟುಕೊಂಡು ತನ್ನ ಕೆಲಸಕ್ಕೆ ಮರಳಿದ್ದಳು.

*

ಜೀಪಿನಿಂದ ಇಳಿದು ಒಳಬಂದ ಶಿದ್ಲಿಂಗಪ್ಪ ಹೆಣಕ್ಕೆ ಮಾಲೆ ಹಾಕಿ ಫೋಟೋ ತೆಗೆಸಿಕೊಂಡ.

"ದೊಡ್ಡ ಜೀವ. ಅಕಿ ಹೆಸರು ಉಳಿಸೂಣು."

ನೆರೆಮನೆಯ ರೇಷ್ಮಾಬಿ ಎದ್ದು ನಿಂತಳು. "ಏನ್ ಉಳಸ್ತೀರಿ? ನಿಮ್ಮ ಪಾಕೀಟ ನಂಬಿ ನಾ ಗುಳಿಗಿ ಬಿಟ್ಟೆ. ಕಾಲಾಗಿನ ಗಾಯ ಕೊಳ್ಯಾಕ ಹತ್ತಿತ್ತು. ಬೈದು ದವಾಖಾನಿಗೆ ಎಳಕೊಂಡು ಹೋದಾಕಿ ಈಕಿ. ಮನಿಮನಿ ತಿರುಗಿ ಹೇಳ್ಯಾಳ, ಗುಳಿಗಿ ಬಿಡಬ್ಯಾಡ್ರಿ ಅಂತ."

"ಗುಳಿಗಿ ಬಿಡ್ರಿ ಅಂತ ನಾವೆಲ್ಲಿ ಬರದೇವಿ? ನಂದಾ, ಹೇಳವ್ವಾ ಇವರಿಗೆ. ಪರೀಕ್ಷಾ ಮಾಡಿದಾಕಿ ನೀನು."

ನಂದಾ ಪೆಟ್ಟಿಗೆಯಿಂದ ಒಂದು ಪಾಕೀಟು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಹೌದು, ನಾನ ಮಾಡೀನಿ. ಇದರಾಗ ಏನೂ ಇಲ್ಲ, ಬರೇ ಎಣ್ಣಿ, ಹಿಟ್ಟು. ಇವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗುಳಿಗಿ ಬಿಟ್ಟವರು ಇವತ್ತ ದವಾಖಾನಿಗೆ ನಡೀರಿ."

"ನಾಳಿಂದ ಕೆಲಸಕ್ಕ ಬರಬ್ಯಾಡ!"

"ಬರೂದಿಲ್ಲ. ಪರೀಕ್ಷಾ ಕಾಗದ ತಗೊಂಡು ತಾಲೂಕಾ ಕಚೇರಿಗೆ ಹೊಂಟೀನಿ."

ಶಿದ್ಲಿಂಗಪ್ಪ ದಡಬಡನೆ ಜೀಪು ಹತ್ತಿದ. ಕಂಬಕ್ಕೆ ಒರಗಿ ಕೂತಿದ್ದ ಸಾವಕ್ಕನ ಗಂಡ ಬೀರಲಿಂಗಪ್ಪ ಎದ್ದು ನಿಂತ.

"ಎತ್ರಿ ಇನ್ನ. ಯಾರಿಗೂ ದಾರಿ ಬಿಡಬ್ಯಾಡ್ರಿ."

ಹೂ ಕಟ್ಟಿದ ಬಿದಿರು ಚಟ್ಟದ ವಿಮಾನದಲ್ಲಿ ಸಾವಕ್ಕನನ್ನು ಕೂಡಿಸಿ ಹೊತ್ತರು. ಇಕ್ಕಟ್ಟಿನ ಓಣಿ, ಜೀಪು ತಿರುಗಿಸಲು ಜಾಗವಿಲ್ಲ. ಡ್ರೈವರ್ ಹಾರ್ನ್ ಹೊಡೆದ. ಮೆರವಣಿಗೆಯ ಹಿಂದಿದ್ದ ಡೊಳ್ಳಿನವರು ಇನ್ನೂ ಜೋರಾಗಿ ಬಾರಿಸಿದರು. ಜೀಪು ಓಣಿಯುದ್ದಕ್ಕೂ ಹಿಂದಹಿಂದಕ್ಕೆ ಸರಿಯತೊಡಗಿತು. ಒಳಗೆ ಕೂತ ಶಿದ್ಲಿಂಗಪ್ಪನ ಮುಂದಿನ ಗಾಜಿನಾಚೆ, ಒಂದೇ ಮಾರು ದೂರದಲ್ಲಿ, ಅವನಿಗೇ ಮುಖ ಮಾಡಿ ಸಾವಕ್ಕ ಬರುತ್ತಿದ್ದಳು.