ಏನೂ ಇಲ್ಲದೆ ಎದ್ದ ಯಂತ್ರ

ಟಿಕೆಟ್ ಯಂತ್ರ ತಯಾರಿಸುವ ಕಂಪನಿಯ ಯಜಮಾನರು, ಅಗ್ಗಕ್ಕೆ ಸಿಕ್ಕಿತೆಂದು ಒಂದು ಮೂಟೆ ಮೆಮೊರಿ ಚಿಪ್ ತಂದು ಸುರಿದರು. ಚಿಪ್ಪು ಚಿಕ್ಕದು, ಅದರೊಳಗೆ ಕೂರಬೇಕಾದ ಕರ್ನೆಲ್ ದಢೂತಿ. ಕರ್ನೆಲ್ ಎಂದರೆ ಯಂತ್ರವನ್ನು ನಿದ್ದೆಯಿಂದ ಎಬ್ಬಿಸಿ ಕೆಲಸಕ್ಕೆ ಹಚ್ಚುವ ತಿರುಳು. ಕೀಬೋರ್ಡು, ಪರದೆ, ಸದ್ದು, ನೆಟ್‌ವರ್ಕು ಎಂದು ನೂರಾರು ತುಣುಕುಗಳು ಅದರಲ್ಲಿ ತುರುಕಿಕೊಂಡಿರುತ್ತವೆ. ಬೇಡದ್ದನ್ನೆಲ್ಲ ಕಿತ್ತು ಅದನ್ನು ಬಡಕಲು ಮಾಡುವ ಕೆಲಸ ಇಂಜಿನಿಯರನ ತಲೆಗೆ ಬಂತು. ಅಂದಿನಿಂದ ಕಚೇರಿಯಲ್ಲಿ ಅವನ ಹೆಸರು ಕತ್ತರಿ. ಯಂತ್ರ ಕೊಳ್ಳಲಿರುವ ಬಸ್ ಸಂಸ್ಥೆಯ ಅಧಿಕಾರಿ ಶುಕ್ರವಾರ ಬರುತ್ತಾರೆ, ಅಷ್ಟರೊಳಗೆ ಕರ್ನೆಲ್ ಚಿಪ್ಪಿನಲ್ಲಿ ಹಿಡಿಸದಿದ್ದರೆ ಮುಂದೆ ಕೀಳುವ ತುಣುಕು ನೀನೇ ಎಂದು ಯಜಮಾನರು ನಗುನಗುತ್ತ ಹೇಳಿದ್ದರು. ತಮಾಷೆ ಮಾಡುವಾಗ ಅವರು ನಗುವವರಲ್ಲ.

ಕೆಲಸದ ಕ್ರಮ ಸರಳ. ಒಂದು ತುಣುಕು ಕೀಳು, ಉಳಿದದ್ದನ್ನು ಚಿಪ್ಪಿನ ಬದಲಿಗೆ ಸದ್ಯ ಮೆಮೊರಿ ಕಾರ್ಡಿಗೆ ತುಂಬು, ಕಾರ್ಡನ್ನು ಪರೀಕ್ಷೆಯ ಯಂತ್ರದ ಕಿಂಡಿಗೆ ತೂರಿಸು, ಸ್ವಿಚ್ ಒತ್ತು. ಎದ್ದರೆ ಕಿತ್ತದ್ದು ದಂಡಪಿಂಡ. ಏಳದಿದ್ದರೆ ವಾಪಸ್ ಹಾಕು.

ಸದ್ದು ಕಿತ್ತ, ಯಂತ್ರ ಎದ್ದಿತು. ನೆಟ್‌ವರ್ಕು ಕಿತ್ತ, ಎದ್ದಿತು. ಕೀಬೋರ್ಡಿನ ತುಣುಕು ಕಿತ್ತ. ಎದ್ದಿತಷ್ಟೇ ಅಲ್ಲ, ಕೀಬೋರ್ಡಿನಲ್ಲಿ ಕುಟ್ಟಿದ್ದೆಲ್ಲ ಪರದೆಯ ಮೇಲೆ ಮೂಡಿತು. ಕತ್ತರಿಗೆ ಒಳಗೆಲ್ಲೋ ಮುಳ್ಳು ಚುಚ್ಚಿದಂತಾಯಿತು, ಆದರೆ ಒಲಿದು ಬಂದ ಗೆಲುವಿನ ಗುರುತಿನ ಚೀಟಿ ಕೇಳುವವರು ಯಾರು? ಪರದೆಯ ತುಣುಕನ್ನೂ ಕಿತ್ತ. ‘ಪರದೆ ಸಿದ್ಧ’ ಎಂದು ಪರದೆಯೇ ತೋರಿಸಿತು.

ಮನೆಯಲ್ಲಿ ಕೊಚ್ಚಿಕೊಂಡಾಗ, ಹೊದಿಕೆ ಮಡಚುತ್ತಿದ್ದ ಹೆಂಡತಿ ಅವನ ಬೆಳಗಿನ ಆಕಳಿಕೆಯನ್ನು ಯಥಾವತ್ತಾಗಿ ಅಣಕಿಸಿ ತೋರಿಸಿದಳು. “ಪುಣ್ಯವಂತ ಯಂತ್ರ, ಏಳು ಅಂದ್ರೆ ಏಳತ್ತೆ. ನಿಮಗೆ ಏಳು ಅಂದ್ರೆ ಎಂಟಾಗತ್ತೆ.”

ಯಜಮಾನರಿಗೂ ಹುರುಪು ಹತ್ತಿ ಕಚೇರಿಯನ್ನೇ ಕೀಳತೊಡಗಿದರು. ಕಿಟಕಿಯ ಪರದೆ ಹೋಯಿತು, ಗೋಡೆ ಗಡಿಯಾರ ಹೋಯಿತು. ಕುರ್ಚಿಗಳು ಹೋದ ಮೇಲೂ ಕಚೇರಿ ನಿಲ್ಲಲಿಲ್ಲ, ನೌಕರರು ನಿಂತರು.

ಬುಧವಾರದ ಹೊತ್ತಿಗೆ ಕರ್ನೆಲ್ಲಿನಲ್ಲಿ ಕೀಳಲು ಏನೂ ಉಳಿಯಲಿಲ್ಲ. ಯಜಮಾನರು ಎಲ್ಲರನ್ನೂ ಕರೆದು, ಸೊನ್ನೆ ಗಾತ್ರದ ಕರ್ನೆಲ್ ಎಂದು ಭಾಷಣ ಬಿಗಿದು, ತಾವೇ ಸ್ವಿಚ್ ಒತ್ತಿದರು. ಯಂತ್ರ ಎದ್ದಿತು. ಚಪ್ಪಾಳೆಯ ನಡುವೆ ಕತ್ತರಿ ಬೆವರೊರೆಸಲು ಜೇಬಿನಿಂದ ಕರವಸ್ತ್ರ ಎಳೆದ. ಅದರ ಬೆನ್ನಿಗೆ ಮೆಮೊರಿ ಕಾರ್ಡೂ ಅಂಗೈಗೆ ಬಂತು.

ಕಾರ್ಡು ಇಲ್ಲಿದ್ದರೆ ಅಲ್ಲಿ ಎದ್ದದ್ದು ಯಾವುದು? ಯಂತ್ರದ ಹಿಂಬದಿಯ ಮುಚ್ಚಳ ಬಿಚ್ಚಿದ. ಒಳಗೊಂದು ಹಳೆಯ ಡಿಸ್ಕು, ಅದರಲ್ಲಿ ಹಳೆಯ ದಢೂತಿ ಕರ್ನೆಲ್ ತುಂಬು ಸಂಸಾರ ಸಮೇತ ಕ್ಷೇಮವಾಗಿತ್ತು. ಇಷ್ಟು ದಿನವೂ ಯಂತ್ರ ಕಾರ್ಡಿನತ್ತ ಕಣ್ಣೆತ್ತಿಯೂ ನೋಡದೆ ಅದರಿಂದಲೇ ಏಳುತ್ತಿತ್ತು. ತೆಪ್ಪಗಿರಬಹುದಿತ್ತು, ಆದರೆ ಮಾರುವ ಯಂತ್ರದಲ್ಲಿ ಡಿಸ್ಕೇ ಇರುವುದಿಲ್ಲ, ಬರೀ ಚಿಪ್ಪು. ಕತ್ತರಿ ಎಲ್ಲರೆದುರು ಹೇಳಿಬಿಟ್ಟ.

ಯಜಮಾನರು ಗಡ್ಡ ಕೆರೆದುಕೊಂಡರು. “ಹಾಗಾದ್ರೆ ಕಾರ್ಡೂ ಬೇಡ್ವಲ್ಲಯ್ಯಾ. ಅದನ್ನೂ ಕಿತ್ತಾಕು.”

ಕತ್ತರಿ ಡಿಸ್ಕನ್ನು ಕಿತ್ತು, ಕಾರ್ಡು ತೂರಿಸಿ, ಸ್ವಿಚ್ ಒತ್ತಿದ. ಪರದೆ ಕಪ್ಪಗೇ ಉಳಿಯಿತು. ಯಂತ್ರ ಮಿಸುಕಲಿಲ್ಲ. ಅವನ ಮುಖ ಅರಳಿತು.

“ನಗ್ತಿದ್ದೀಯಲ್ಲೋ. ಅದು ಸತ್ತೋಗಿದೆ.”

“ಹೌದು ಸಾರ್. ಆದ್ರೆ ಈಗ ಸತ್ತಿರೋದು ನಮ್ಮದೇ ಕರ್ನೆಲ್ಲು.”

ಕಿತ್ತದ್ದನ್ನೆಲ್ಲ ಮರಳಿ ಹಾಕಿ ಎಬ್ಬಿಸಿ, ಮತ್ತೆ ಮೊದಲಿನಿಂದ ಒಂದೊಂದಾಗಿ ಕೀಳುತ್ತ ಬಂದ. ಈಗ ಯಂತ್ರ ನಿಯತ್ತಾಗಿ ಸಾಯುತ್ತಿತ್ತು. ಸತ್ತಾಗಲೆಲ್ಲ ಆ ತುಣುಕನ್ನು ಮುನಿಸಿಕೊಂಡು ಹೋದ ಅಳಿಯನಂತೆ ಕೈಹಿಡಿದು ಒಳಗೆ ಕರೆತರುತ್ತಿದ್ದ. ಗುರುವಾರ ಸಂಜೆ ಕರ್ನೆಲ್ ಚಿಪ್ಪಿನಲ್ಲಿ ಉಸಿರು ಬಿಗಿಹಿಡಿದು ಕೂತಿತು. ಇನ್ನು ಯಾವುದನ್ನು ಕಿತ್ತರೂ ಏಳುವುದಿಲ್ಲ, ಆದ್ದರಿಂದ ಇದೇ ಅತಿ ಚಿಕ್ಕದು ಎಂದು ಯಜಮಾನರಿಗೆ ವಿವರಿಸಿದ. ಅವರಿಗೆ ಹಿಡಿಸಿದ್ದು ಮೊದಲಿನ ಅರ್ಧ ಮಾತ್ರ.

ಶುಕ್ರವಾರ ಅಧಿಕಾರಿಯೆದುರು ಯಂತ್ರ ಎದ್ದು ಟಿಕೆಟ್ ಉಗುಳಿತು. ಅವರು ಅದನ್ನು ಹರಿದುಕೊಳ್ಳುವ ಮೊದಲೇ ಯಜಮಾನರು ಅಡ್ಡ ಬಂದರು.

“ಅದೇನು ಮಹಾ ಬಿಡಿ ಸಾರ್. ಇದ್ರಲ್ಲಿ ಏನು ಕಿತ್ರೂ ಸಾಯತ್ತೆ, ಗ್ಯಾರಂಟಿ. ನೀವೇ ಒಂದು ಆರಿಸಿ.”

ಅಧಿಕಾರಿ ಒಂದು ಆರಿಸಿದರು. ಕತ್ತರಿ ಕಿತ್ತ, ಯಂತ್ರ ಸತ್ತಿತು. ಅದನ್ನು ವಾಪಸ್ ಹಾಕಿ ಎಬ್ಬಿಸಿದ ಮೇಲೆ ಇನ್ನೊಂದು ಆರಿಸಿದರು, ಅದಕ್ಕೂ ಸತ್ತಿತು. ಇಷ್ಟು ನಂಬಿಕಸ್ಥ ಸಾವನ್ನು ಅವರು ಬೇರಾವ ಕಂಪನಿಯಲ್ಲೂ ಕಂಡಿರಲಿಲ್ಲವಂತೆ. ನಿಂತೇ ರುಜು ಹಾಕಿದರು. ಕತ್ತರಿಗೆ ನಾಳೆಯೂ ಕೆಲಸವಿದೆ ಎಂಬುದು ಖಚಿತವಾಯಿತು. ಯಜಮಾನರು, ಅಧಿಕಾರಿ ಇಬ್ಬರೂ ಸತ್ತ ಯಂತ್ರದ ಮುಂದೆ ಕೈಕುಲುಕುತ್ತಿರಲು, ಅವನು ತುಣುಕನ್ನು ಸ್ವಸ್ಥಾನಕ್ಕೆ ಸೇರಿಸಿ ಮೆಲ್ಲಗೆ ಎಬ್ಬಿಸಿದ. ಅದು ಎದ್ದದ್ದನ್ನು ಯಾರೂ ನೋಡಲಿಲ್ಲ.